ಸೈರನ್ ಕೂಗಿದಾಗ ಆಡಿದ ಮಾತು

ಓರೆಯಕ್ಕನನ್ನು ನಾನು ಮೊದಲು ಕಂಡದ್ದು ನಮ್ಮ ಕೇಂದ್ರದ ಹೊಸ್ತಿಲಲ್ಲಿ. ಒಂದು ಚಪ್ಪಲಿ ಹೊರಗೆ, ಇನ್ನೊಂದು ಇನ್ನೂ ಕಾಲಲ್ಲೇ. ಬಿಡಬೇಕೋ ಬೇಡವೋ ಎಂದು ಕೇಳಲು ಯಾರಾದರೂ ಸಿಗುತ್ತಾರೇನೋ ಎಂದು ಒಳಗೆ ಇಣುಕುತ್ತಿದ್ದಳು. ಮಧ್ಯಾಹ್ನದ ಬಿಸಿಲು ಬೆನ್ನ ಹಿಂದೆ ಇದ್ದುದರಿಂದ ಮುಖ ಸರಿಯಾಗಿ ಕಾಣಲಿಲ್ಲ. ನಿಂತ ಭಂಗಿ ಮಾತ್ರ ಕಂಡಿತು. ಎಡ ಸೊಂಟ ಹೊರಕ್ಕೆ ಚಾಚಿತ್ತು, ಬಲ ಭುಜ ಕೆಳಕ್ಕೆ ಇಳಿದಿತ್ತು, ಎಡಗೈ ಅರ್ಧ ಬಾಗಿ ಏನನ್ನೋ ಬಳಸಿ ಹಿಡಿದ ಹಾಗಿತ್ತು. ಸೊಂಟದ ಮೇಲೆ ಮಗುವಿದೆ ಅಂದುಕೊಂಡು ನಾನು ಎದ್ದು ಹೋದೆ. ಹತ್ತಿರ ಹೋದರೆ ಮಗು ಇರಲಿಲ್ಲ. ಆಕೆ ನಿಲ್ಲುವುದೇ ಹಾಗೆ.

ಅವಳ ಹಿಂದೆ ಇನ್ನೊಬ್ಬ ಹೆಂಗಸು ಒಬ್ಬ ಹುಡುಗನ ಮಣಿಕಟ್ಟು ಹಿಡಿದು ಬಂದಳು. ಹುಡುಗ ಇಬ್ಬರಿಗಿಂತಲೂ ಎತ್ತರ. ಮೇಲ್ದುಟಿಯ ಮೇಲೆ ಆಗತಾನೇ ಮೂಡುತ್ತಿದ್ದ ಮೀಸೆ. ಪ್ಯಾಂಟು ಪಾದದ ಗಂಟಿಗಿಂತ ಮೇಲಕ್ಕೆ ಏರಿ ನಿಂತಿತ್ತು. ನಾನು ಅದನ್ನು ನೋಡಿದ್ದು ಗೊತ್ತಾಗಿ ತಾಯಿ, "ಹೋದ ತಿಂಗಳು ಸರಿಯಾಗಿತ್ತು ಮೇಡಂ" ಎಂದಳು. ತಪ್ಪು ತನ್ನದೇ ಎಂಬಂತಿತ್ತು ಅವಳ ದನಿ.

ಹುಡುಗ ಮೊಣಕಾಲು ಬಗ್ಗಿಸಿ ತನ್ನ ಗದ್ದವನ್ನು ಓರೆಯಕ್ಕನ ಭುಜದ ಮೇಲೆ ಇಟ್ಟುಕೊಂಡ.

"ಏಯ್ ಗುಂಡ, ನಾನೇನು ಕಂಬವಾ? ನೆಟ್ಟಗೆ ನಿಂತ್ಕೋ" ಎಂದಳು ಆಕೆ. ಹಾಗೆಂದರೂ ಭುಜವನ್ನು ಅವನಿಗೆ ಸರಿಹೋಗುವಷ್ಟು ಏರಿಸಿಕೊಟ್ಟಳು.

ನಮ್ಮದು ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ನೋಡುವ ಸಣ್ಣ ಕೇಂದ್ರ. ವಾರಕ್ಕೊಮ್ಮೆ ಡಾಕ್ಟರು ಬರುತ್ತಾರೆ. ಉಳಿದ ದಿನ ಹೆತ್ತವರನ್ನು ಕೂರಿಸಿಕೊಂಡು ಮಗುವಿನ ಹಿಂದಿನದನ್ನೆಲ್ಲ ಕೇಳುವುದು ನನ್ನ ಕೆಲಸ. ಕತ್ತು ಯಾವಾಗ ನಿಂತಿತು, ಮಗ್ಗುಲಾದದ್ದು ಯಾವಾಗ, ಅಂಬೆಗಾಲು, ಹೆಜ್ಜೆ, ಮಾತು. ನಮ್ಮ ಮನೆಯಲ್ಲಿ ಇವನ್ನು ಯಾರೂ ಗಮನಿಸಿ ಇಟ್ಟವರಲ್ಲ. ಹಿರಿಯ ಮಗಳಾದ ನಾನು ತಮ್ಮ ತಂಗಿಯರನ್ನು ಹೊಲದ ಬದುವಿನಲ್ಲಿ ಮಲಗಿಸಿ ಕಾದವಳು. ಅವರು ಯಾವಾಗ ನಡೆದರೋ ಯಾವಾಗ ಮಾತಾಡಿದರೋ, ಎದ್ದು ಓಡಾಡಿದರೆ ಸಾಕಿತ್ತು. ಇದಕ್ಕೆಲ್ಲ ಒಂದು ಕ್ರಮವಿದೆ ಎಂದು ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ತಾಯಿ ಕುರ್ಚಿಯ ಅಂಚಿನಲ್ಲಿ ಕೂತಳು. ಬೂಟಿನ ಕಾರ್ಖಾನೆಯಲ್ಲಿ ಅಟ್ಟೆ ಅಂಟಿಸುವ ಕೆಲಸ ಅವಳದು. ಉಗುರಿನ ಸುತ್ತ ಒಣಗಿದ್ದ ಅಂಟನ್ನು ಸುಲಿಯುತ್ತಲೇ ಮಾತಾಡಿದಳು.

"ಚಿಕ್ಕವನಿದ್ದಾಗ ಯಾರ ಕಾಲು ತಬ್ಕೊಂಡ್ರೂ ಎತ್ಕೊಂಡು ಮುದ್ದಾಡೋರು ಮೇಡಂ. ಈಗಲೂ ಅದೇ ಮಾಡ್ತಾನೆ. ತಾನು ದೊಡ್ಡವನಾಗಿದೀನಿ ಅಂತ ಅವನಿಗೇನು ಗೊತ್ತು? ಮೊನ್ನೆ ಬಸ್ ಸ್ಟಾಪಲ್ಲಿ ಯಾರೋ ಹುಡುಗಿನ ತಬ್ಕೊಂಡುಬಿಟ್ಟ. ಅವಳು ಕಿರುಚ್ಕೊಂಡ್ಳು. ಪಾಪ, ಅವಳದೂ ತಪ್ಪಲ್ಲ. ಜನ ಸೇರಿ ಹೊಡೆದ್ರು. ಮೊದಲನೇ ಏಟಿಗೆ ಇವನು ನಕ್ಕ, ಆಟ ಅಂದ್ಕೊಂಡು. ಅದಕ್ಕೆ ಇನ್ನೂ ಹೊಡೆದ್ರು."

ಹುಡುಗನ ಬಲಗೈಯ ಹೆಬ್ಬೆರಳ ಬುಡದಲ್ಲಿ ಹಲ್ಲಿನ ಗುರುತಿತ್ತು. ತನ್ನ ಕೈಯನ್ನು ತಾನೇ ಕಚ್ಚಿಕೊಂಡದ್ದು.

"ಮೀಸೆ ಬಂತು, ದನಿ ಒಡೀತು. ಮಾತು ಮಾತ್ರ ಇಲ್ಲ" ಎಂದಳು ತಾಯಿ. "ಒಳಗಿಂದ ಗಂಡಸಿನ ದನಿಯಲ್ಲಿ ಹೂಂ ಹೂಂ ಅಂತಿರ್ತಾನೆ. ಮೊದಲ ದಿನ ಕೇಳಿ ಮನೆಯೊಳಗೆ ಯಾರೋ ನುಗ್ಗಿದಾರೆ ಅಂತ ನಾನೇ ಬೆಚ್ಚಿಬಿದ್ದೆ."

ನಾನು ಕೇಳಬೇಕಾದ ಪ್ರಶ್ನೆಯನ್ನು ಕೇಳಿದೆ. "ಮೊದಲು ಒಂದೆರಡು ಮಾತು ಬಂದು, ಆಮೇಲೆ ನಿಂತುಹೋದದ್ದೇನಾದರೂ ಉಂಟಾ?"

"ಇಲ್ಲ ಮೇಡಂ. ಒಂದೇ ಒಂದು ಮಾತೂ ಬಂದಿಲ್ಲ. ಹುಟ್ಟಿದಾಗಿಂದ."

ಎಷ್ಟೋ ಕಡೆ ಕೊಟ್ಟ ಉತ್ತರವಾದ್ದರಿಂದ ಅದು ತಡೆಯಿಲ್ಲದೆ ಬಂತು. ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದ ಓರೆಯಕ್ಕ ಬಗ್ಗಿ ಹುಡುಗನ ಶೂ ಲೇಸು ಕಟ್ಟತೊಡಗಿದಳು. ಲೇಸು ಬಿಚ್ಚಿರಲಿಲ್ಲ. ಆಕೆ ಅದನ್ನು ಬಿಚ್ಚಿ ಮತ್ತೆ ಕಟ್ಟಿದಳು.

ಎರಡು ದಿನ ಬಿಟ್ಟು ಆಕೆ ಒಬ್ಬಳೇ ಬಂದಳು. ಹುಡುಗನನ್ನು ಪಕ್ಕದ ಮನೆಯವರ ಟಿವಿ ಮುಂದೆ ಕೂರಿಸಿ ಬಂದಿದ್ದಳಂತೆ. "ಜಾಹೀರಾತು ಬರೋ ತನಕ ಕೂತಿರ್ತಾನೆ. ಹಾಡು ಬಂದ್ರೆ ಇನ್ನೂ ಸ್ವಲ್ಪ ಹೊತ್ತು" ಎಂದು ಅವಸರದಲ್ಲೇ ಕೂತಳು. ಕೂತಾಗಲೂ ಒಂದು ಕಡೆಗೇ ವಾಲಿದ್ದಳು. ಆ ದಿನ ಹೇಳಿದ್ದು, ಆಮೇಲೆ ಬಿಡಿಬಿಡಿಯಾಗಿ ಹೇಳಿದ್ದು, ಎಲ್ಲವನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಅದೇ ಬೂಟಿನ ಕಾರ್ಖಾನೆಯ ಶಿಶುಕೋಣೆಯಲ್ಲಿ ಆಯಾ ಆಗಿದ್ದಳು. ಗೋದಾಮಿನ ಹಿಂದಿನ ಉದ್ದನೆಯ ಕೋಣೆ ಅದು. ಮೇಲೆ ಅಡ್ಡಲಾಗಿ ಕಬ್ಬಿಣದ ಪೈಪು, ಪೈಪಿನಿಂದ ಸಾಲಾಗಿ ಇಳಿಬಿಟ್ಟ ಬಟ್ಟೆಯ ತೊಟ್ಟಿಲು. ಗಾಳಿ ಬಂದರೆ ಜೊತೆಗೆ ಚರ್ಮದ ವಾಸನೆಯೂ ಅಂಟಿನ ವಾಸನೆಯೂ ಬರುತ್ತಿತ್ತು. ಮಧ್ಯಾಹ್ನ ಸೈರನ್ ಕೂಗಿದರೆ ತಾಯಂದಿರು ಸೋಪು ಹಚ್ಚಿ ಕೈ ಉಜ್ಜಿಕೊಂಡು ಓಡಿ ಬಂದು ಹಾಲು ಕುಡಿಸಿ ಹೋಗಬೇಕು. ಉಳಿದ ಹೊತ್ತೆಲ್ಲ ಮಕ್ಕಳು ಆಯಾಗಳ ಪಾಲು. ಅಳುವ ಮಗುವನ್ನು ಎಡ ಸೊಂಟಕ್ಕೇರಿಸಿ ಬಲಗೈಯಲ್ಲಿ ಇನ್ನೊಂದರ ತೊಟ್ಟಿಲು ತೂಗಿ ತೂಗಿ ಆಕೆಯ ಮೈ ಹಾಗೇ ನಿಂತುಬಿಟ್ಟಿತು. ಕೆಲಸಗಾರರು ಓರೆಯಕ್ಕ ಎಂದು ಹೆಸರಿಟ್ಟರು. "ಹೆಸರು ಇಟ್ಟವರ ಮಕ್ಕಳೇ ಕಣೇ ನನ್ನ ಓರೆ ಮಾಡಿದ್ದು" ಎಂದು ಆಕೆಯೂ ನಗುತ್ತಿದ್ದಳು.

ಆ ಕೋಣೆಯಲ್ಲಿ ಒಂದು ಕಟ್ಟಳೆ ಇತ್ತು. ಬರೆದದ್ದಲ್ಲ, ಎಲ್ಲರಿಗಿಂತ ಹಿರಿಯಳಾದ ದೊಡ್ಡಾಯ ಮಾಡಿದ್ದು. ಹಿಂದೆ ಯಾವಾಗಲೋ ಒಬ್ಬ ತಾಯಿಗೆ ಆಯಾಗಳು ಸಂಭ್ರಮದಿಂದ, ನಿನ್ನ ಮಗಳು ಇವತ್ತು ನಡೆದಳು ಎಂದು ಹೇಳಿದರಂತೆ. ಆ ತಾಯಿ ಗೇಟಿನ ಹತ್ತಿರವೇ ಕುಸಿದು ಕೂತು ಅತ್ತಳಂತೆ. ಮೊದಲ ಹೆಜ್ಜೆ ನೋಡದ ನಾನೆಂಥ ತಾಯಿ ಎಂದು ಮರುದಿನದಿಂದ ಕೆಲಸಕ್ಕೇ ಬರಲಿಲ್ಲವಂತೆ. ಅಂದಿನಿಂದ ದೊಡ್ಡಾಯ ಎಲ್ಲರ ಬಾಯಿಗೂ ಬೀಗ ಹಾಕಿದಳು. ಇಲ್ಲಿ ಮಗು ನಡೆದರೂ ನಡೆದಿಲ್ಲ, ಮಾತಾಡಿದರೂ ಆಡಿಲ್ಲ. ತಾಯಿ ಮನೆಯಲ್ಲಿ ಕಂಡು ಬಂದು ಹೇಳಬೇಕು, ಆಮೇಲೇ ನಮಗೂ ಗೊತ್ತಾಗಬೇಕು.

"ನಾಟಕ ಮಾಡ್ತಿದ್ವಿ ತಾಯಿ" ಎಂದಳು ಓರೆಯಕ್ಕ. ವಯಸ್ಸಿನಲ್ಲಿ ಅಷ್ಟು ಚಿಕ್ಕವಳಾದ ನನ್ನನ್ನೂ ಆಕೆ ತಾಯಿ ಎಂದೇ ಕರೆಯುತ್ತಿದ್ದಳು. "ಒಂದು ಮಗು ಕೋಣೆ ತುಂಬ ವಾರದಿಂದ ಓಡಾಡ್ತಿರುತ್ತೆ. ಅದರ ಅಮ್ಮ ಬೆಳಿಗ್ಗೆ ಬಂದು, ಅಕ್ಕಾ, ರಾತ್ರಿ ನನ್ನ ಮಗಳು ಹೆಜ್ಜೆ ಇಟ್ಟಳು ಅಂತಾಳೆ. ನಾವು ಕಣ್ಣು ಬಾಯಿ ಬಿಟ್ಕೊಂಡು, ಹೌದಾ! ನಮ್ಮ ಮುಂದೆ ಒಂದು ಹೆಜ್ಜೆನೂ ಇಟ್ಟಿಲ್ಲ ಕಳ್ಳಿ, ಅಂತೀವಿ. ಆ ಅಮ್ಮನ ಮುಖ ನೋಡ್ಬೇಕಿತ್ತು ನೀವು. ದಿನಪೂರ್ತಿ ಮಿಷನ್ ಮುಂದೆ ನಗ್ತಾ ಇರೋಳು. ನಮ್ಮ ಗಂಟೇನು ಹೋಗ್ತಿತ್ತು ಹೇಳಿ?"

ಗುಂಡನೂ ಆ ಕೋಣೆಯ ಮಗು. ಆಗ ಹೆಸರಿಗೆ ತಕ್ಕಂತೆ ಗುಂಡಗಿದ್ದ. ಹೆಜ್ಜೆ ಇಡುವ ಹೊತ್ತಿಗೇ ಮಾತೂ ಬಂತು. ಬಲ್ಬು ತೋರಿಸಿ ದೀಪ ಎಂದ. ಪಕ್ಕದ ಮಗುವಿನ ಬಿಸ್ಕತ್ತು ನೋಡಿ ಕೊಡು ಎಂದ. ಸೈರನ್ ಕೂಗಿದರೆ ಏನೇ ಆಟದಲ್ಲಿದ್ದರೂ ಬಿಟ್ಟು ಬಾಗಿಲ ಕಡೆ ತಿರುಗಿ "ಅಮ್ಮ ಬಾ" ಎನ್ನುತ್ತಿದ್ದ.

"ಮತ್ತೆ ಅವನ ಅಮ್ಮ ಅದನ್ನು ಕೇಳಿಸಿಕೊಳ್ಳಲೇ ಇಲ್ಲವಾ?" ಎಂದೆ.

"ಹೇಗೆ ಕೇಳ್ತಾಳೆ ತಾಯಿ? ಅವಳು ಬಾಗಿಲಿಗೆ ಬರೋ ಹೊತ್ತಿಗೆ ಇವನು ಸುಮ್ಮನಾಗಿ ಕೈ ಚಾಚ್ತಿದ್ದ. ಅವಳು ಕೂತ್ಕೊಂಡ್ರೆ ಇವನ ಬಾಯಿ ತುಂಬ ಹಾಲು. ಸಂಜೆ ಅವಳಿಗೆ ಓವರ್‌ಟೈಮು. ಕರ್ಕೊಂಡು ಹೋಗೋ ಹೊತ್ತಿಗೆ ಇವನಿಗೆ ನಿದ್ದೆ. ಭಾನುವಾರ ಒಂದು ದಿನ ಮನೇಲಿ. ಅಲ್ಲಿ ಸೈರನ್ ಇಲ್ಲ, ಅಮ್ಮ ಎದುರಿಗೇ ಇದಾಳೆ, ಯಾಕೆ ಕರೀತಾನೆ?"

ಇವತ್ತಲ್ಲ ನಾಳೆ ಮನೆಯಲ್ಲೂ ಆಡುತ್ತಾನೆ ಎಂದು ಆಯಾಗಳು ಕಾದರು. ಆದರೆ ಮೊದಲು ದೀಪ ಹೋಯಿತು. ಬಲ್ಬನ್ನು ದಿಟ್ಟಿಸುತ್ತಿದ್ದ, ಹೇಳುತ್ತಿರಲಿಲ್ಲ. ಕೊಡು ಹೋಯಿತು, ಬೇಕಾದ್ದನ್ನು ಕಿತ್ತುಕೊಳ್ಳತೊಡಗಿದ. ಒಂದು ದಿನ ಸೈರನ್ ಕೂಗಿತು, ಅವನು ಬಾಗಿಲ ಕಡೆ ತಿರುಗಲಿಲ್ಲ. ಬಾಟಲಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸುತ್ತ ಕೂತಿದ್ದ. ಹಲ್ಲು ಬರುತ್ತಿರಬೇಕು ಎಂದಳು ಒಬ್ಬ ಆಯಾ. ದೃಷ್ಟಿ ತಾಗಿರಬೇಕು ಎಂದಳು ಇನ್ನೊಬ್ಬಳು. ಬಂದ ಮಾತು ಎಲ್ಲಿಗೆ ಹೋಗುತ್ತೆ, ಸುಮ್ಮನಿರಿ ಎಂದಳು ದೊಡ್ಡಾಯ.

ಒಂದು ಸಂಜೆ ತಾಯಿ ಗೇಟಿನ ಬಳಿ ಓರೆಯಕ್ಕನನ್ನು ನಿಲ್ಲಿಸಿ ಕೇಳಿದಳು. "ಅಕ್ಕಾ, ಇವನ ಜೊತೆ ಹುಟ್ಟಿದವೆಲ್ಲ ಮಾತಾಡ್ತಿವೆ. ನಿಮ್ಮ ಹತ್ತಿರ ಏನಾದ್ರೂ ಅಂತಾನಾ?"

ಎಷ್ಟೋ ತಾಯಂದಿರಿಗೆ ಹೇಳಿದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಇನ್ನೂ ಇಲ್ಲ ಕಣೇ. ನೋಡ್ತಿರು, ಮೊದಲನೇ ಮಾತು ನಿನ್ನ ಮುಂದೆನೇ ಆಡ್ತಾನೆ" ಎಂದಳು.

ಮತ್ತೆ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಓರೆಯಕ್ಕನಿಗೆ ಹೆದರಿಕೆ ಹತ್ತುವ ಹೊತ್ತಿಗೆ ತಾಯಿ ಆಸ್ಪತ್ರೆಗಳನ್ನು ಸುತ್ತತೊಡಗಿದ್ದಳು. ಹೋದಲ್ಲೆಲ್ಲ, ಹುಟ್ಟಿದಾಗಿಂದ ಮಾತಿಲ್ಲ ಎಂದೇ ಹೇಳುತ್ತಿದ್ದಳು. ಅಂಟಿನ ವಾಸನೆಯಲ್ಲಿ ಬಸುರಿ ದಿನ ಕಳೆದು ಹುಟ್ಟುಮೂಗನನ್ನು ಹೆತ್ತಳು ಎಂದು ಗಂಡನ ಮನೆಯವರು ಆಡಿಕೊಂಡರು. ಗಂಡ ಬೇರೆ ಊರಿಗೆ ಕೆಲಸಕ್ಕೆಂದು ಹೋದವನು ಅಲ್ಲೇ ಉಳಿದ. ಶಾಲೆಯವರು ಹುಡುಗನನ್ನು ಇಟ್ಟುಕೊಳ್ಳಲಿಲ್ಲ. ಆ ಹೊತ್ತಿಗೆ ಬೆನ್ನುನೋವೆಂದು ಶಿಶುಕೋಣೆ ಬಿಟ್ಟಿದ್ದ ಓರೆಯಕ್ಕ, ತಾಯಿ ಕಾರ್ಖಾನೆಗೆ ಹೋದಾಗ ಹುಡುಗನನ್ನು ತನ್ನ ಒಂಟಿ ಕೋಣೆಯಲ್ಲಿ ಇಟ್ಟುಕೊಳ್ಳತೊಡಗಿದಳು.

"ಪ್ರಾಯಶ್ಚಿತ್ತ ಅಂತ ಅಲ್ಲ ತಾಯಿ. ಅವನು ಬೇರೆ ಯಾರ ಹತ್ತಿರನೂ ನಿಲ್ಲಲ್ಲ, ಅದಕ್ಕೆ" ಎಂದಳು. ನಂತರ ಸ್ವಲ್ಪ ಹೊತ್ತು ನಮ್ಮ ಗೋಡೆಯ ಮೇಲಿದ್ದ ಚಿತ್ರವನ್ನು ನೋಡುತ್ತಿದ್ದಳು. ಮಗುವೊಂದು ತೆವಳುವುದು, ಕೂರುವುದು, ನಿಲ್ಲುವುದು ಸಾಲಾಗಿ ಬರೆದ ಚಿತ್ರ. "ಇದರಲ್ಲಿ ಹಿಂದಕ್ಕೆ ಹೋಗೋದು ಬರೆದಿಲ್ಲ" ಎಂದಳು.

ಡಾಕ್ಟರಿಗೆ ಇದು ಗೊತ್ತಾಗಲೇಬೇಕು ಎಂದೆ. ಬಾರದ ಮಾತು ಬೇರೆ, ಬಂದು ಹೋದ ಮಾತು ಬೇರೆ. ಎರಡಕ್ಕೂ ಹುಡುಕುವ ದಾರಿ ಒಂದೇ ಅಲ್ಲ. ಡಾಕ್ಟರಿಗೆ ಹೇಳಿದರೆ ತಾಯಿಗೂ ಹೇಳಬೇಕಾಗುತ್ತದೆ.

"ಅದು ನನಗೂ ಗೊತ್ತು. ಹೇಳಿದ್ರೆ ಅವಳು ಹುಡುಗನ್ನ ನನ್ನ ಹತ್ತಿರ ಬಿಡಲ್ಲ. ಬಿಡದಿದ್ರೆ ಬೀಗ ಹಾಕಿ ಹೋಗ್ಬೇಕು. ಇಷ್ಟುದ್ದದ ಗಂಡು ಮಗನ್ನ ಎಷ್ಟು ದಿನ ಬೀಗದೊಳಗಿಡ್ತಾಳೆ?"

"ನಾನೇ ಹೇಳಲಾ?"

"ಬೇಡ. ಮುಚ್ಚಿಟ್ಟೋಳು ನಾನು."

ಡಾಕ್ಟರು ಬರುವ ದಿನ ಮೂವರೂ ಬಂದರು. ಸರದಿ ಬರುವ ತನಕ ನನ್ನ ಕೋಣೆಯಲ್ಲಿ ಕೂತರು. ಹುಡುಗ ನೆಲದ ಮೇಲೆ ಮರದ ತುಂಡುಗಳನ್ನು ಉದ್ದಕ್ಕೆ ಜೋಡಿಸುತ್ತಿದ್ದ. ಓರೆಯಕ್ಕ ಎಲ್ಲಿಂದಲೋ ಶುರುಮಾಡಿದಳು.

"ನಿನಗೆ ಮಧ್ಯಾಹ್ನದ ಸೈರನ್ ನೆನಪಿದೆಯೇನೇ?"

"ಈಗಲೂ ದಿನಾ ಕೇಳ್ತೀನಲ್ಲ ಅಕ್ಕ. ಆಗ ಓಡೋಡಿ ಬರ್ತಿದ್ದೆ. ಅದು ಕೂಗಿದ್ರೆ ಸಾಕು, ಎದೆ ಜಿನುಗೋದು."

"ಆ ಸೈರನ್ ಕೂಗಿದ ಕೂಡ್ಲೇ ಬಾಗಿಲ ಕಡೆ ತಿರುಗಿ 'ಅಮ್ಮ ಬಾ' ಅನ್ನೋನು."

ತಾಯಿ ನಕ್ಕಳು. "ಯಾರು?"

"ಗುಂಡ."

"ಯಾವ ಗುಂಡ?"

ಓರೆಯಕ್ಕ ನೆಲದ ಮೇಲಿದ್ದ ಹುಡುಗನನ್ನು ನೋಡಿದಳು. ತಾಯಿಯೂ ನೋಡಿದಳು. ಅವಳ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಒಂದು ಸಲ ಅಂದನಾ?"

"ದಿನಾ ಅಂತಿದ್ದ. ಒಂದೆರಡು ತಿಂಗಳು. ಆಮೇಲೆ ನಿಲ್ಲಿಸಿದ."

ಬೈಗುಳ ಬರುತ್ತದೆ, ಅಳು ಬರುತ್ತದೆ ಎಂದು ಕಾದೆ. ತಾಯಿ ಕುರ್ಚಿಯನ್ನು ಓರೆಯಕ್ಕನ ಹತ್ತಿರ ಎಳೆದುಕೊಂಡಳು.

"ಹೇಗೆ ಅಂದ? ಅಂದು ತೋರಿಸು."

"ಅಮ್ಮ ಬಾ ಅಂತ..."

"ಹಾಗಲ್ಲ. ಅವನು ಅಂದ ಹಾಗೆ."

ಓರೆಯಕ್ಕ ಸಣ್ಣ ದನಿಯಲ್ಲಿ, ಅಮ್ಮ ಎಂಬುದನ್ನು ಎಳೆದು, ಬಾ ಎಂಬುದನ್ನು ತುಟಿಯಿಂದ ಪಟ್ಟನೆ ಬಿಡಿಸಿ ಹೇಳಿದಳು. ಆ ವಯಸ್ಸಾದ ಹೆಂಗಸಿನ ಬಾಯಿಂದ ಒಂದು ಕೂಸಿನ ದನಿ ಬಂತು. ತಾಯಿ ಕಣ್ಣು ಮುಚ್ಚಿಕೊಂಡಳು.

"ಇನ್ನೊಂದು ಸಲ."

ಆಕೆ ಹೇಳಿದಳು.

"ಇನ್ನೊಂದು ಸಲ."

ಹುಡುಗ ತಲೆ ಎತ್ತಲಿಲ್ಲ. ಮರದ ತುಂಡುಗಳ ಸಾಲು ಗೋಡೆಯನ್ನು ಮುಟ್ಟಿತ್ತು. ಮುಂದಕ್ಕೆ ಜಾಗವಿಲ್ಲದೆ ಅವನು ಕೊನೆಯ ತುಂಡನ್ನು ಕೈಯಲ್ಲಿ ಹಿಡಿದು ಹೂಂ ಹೂಂ ಎನ್ನುತ್ತಿದ್ದ.

ತಾಯಿ ಕಣ್ಣು ತೆರೆದಾಗ ದನಿ ಬದಲಾಗಿತ್ತು. "ನಾನು ಕೇಳಿದ್ದೆ. ಗೇಟಿನ ಹತ್ತಿರ ನಿಲ್ಲಿಸಿ ಕೇಳಿದ್ದೆ. ನೀನು ಇಲ್ಲ ಅಂದೆ."

"ನಾವು ಮೊದಲು ಕೇಳಿಸ್ಕೊಂಡ್ವಿ ಅಂತ ನಿನಗೆ ನೋವಾಗ್ಬಾರ್ದು ಅಂತ..."

"ನನಗಿಂತ ಮೊದಲು ನೀನು ಕೇಳಿಸ್ಕೊಂಡೆ ಅಂತ ಹೇಳಿದ್ರೆ ಏನಾಗ್ತಿತ್ತು ಅಕ್ಕ? ಒಂದು ದಿನ ಅಳ್ತಿದ್ದೆ. ಮಿಷನ್ ಬಿಟ್ಟು ಬಂದು ಬಾಗಿಲ ಮರೆಯಲ್ಲಿ ನಿಂತು ಕೇಳ್ತಿದ್ದೆ. ಹುಟ್ಟುಮೂಗನ್ನ ಹೆತ್ತೋಳು ಅಂತ ಎಲ್ಲರ ಹತ್ತಿರ ಅನ್ನಿಸ್ಕೊಂಡೆ. ಪಕ್ಕದಲ್ಲೇ ಕೂತು ನನ್ನ ಕಣ್ಣೊರೆಸಿದ್ಯಲ್ಲ, ಆಗಲಾದ್ರೂ ಹೇಳ್ಬಾರ್ದಾಗಿತ್ತಾ?"

ಅಷ್ಟರಲ್ಲಿ ಡಾಕ್ಟರ ಕೋಣೆಯಿಂದ ಅವರ ಸರದಿಯ ಕರೆ ಬಂತು.

ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ಹೊಸ ಪರೀಕ್ಷೆಗಳಿಗೆ ಬರೆದುಕೊಟ್ಟರು. ಪರೀಕ್ಷೆಗಳಾದವು. ಈಗ ಸರಿಪಡಿಸಬಹುದಾದಂಥದ್ದು ಏನೂ ಸಿಗಲಿಲ್ಲ. "ಆಗಲೇ ಗೊತ್ತಾಗಿದ್ರೆ?" ಎಂದು ತಾಯಿ ಕೇಳಿದಳು.

"ಹೇಳೋಕಾಗಲ್ಲಮ್ಮ. ಏನಾದ್ರೂ ಪ್ರಯೋಜನ ಆಗ್ತಿತ್ತೋ ಏನೋ. ಆಗದೇನೂ ಇರಬಹುದಿತ್ತು" ಎಂದರು ಡಾಕ್ಟರು. ಅವರು ಪ್ರಾಮಾಣಿಕವಾಗಿಯೇ ಹೇಳಿದರು. ಆಗುತ್ತಿತ್ತು ಎಂದಿದ್ದರೆ ತಾಯಿ ಓರೆಯಕ್ಕನನ್ನು ಪೂರ್ತಿ ದ್ವೇಷಿಸಬಹುದಿತ್ತು. ಇಲ್ಲ ಎಂದಿದ್ದರೆ ಎಂದಾದರೂ ಕ್ಷಮಿಸಬಹುದಿತ್ತೋ ಏನೋ. ಎರಡಕ್ಕೂ ದಾರಿಯಿಲ್ಲದೆ ಅವಳು ಹುಡುಗನ ಮಣಿಕಟ್ಟು ಹಿಡಿದು ಮೆಟ್ಟಿಲಿಳಿದು ಹೋದಳು. ಹುಡುಗ ಓರೆಯಕ್ಕನ ಭುಜಕ್ಕಾಗಿ ಹಿಂತಿರುಗಿ ನೋಡುತ್ತಲೇ ಇದ್ದ.

ಆಕೆ ಹೆದರಿದ ಹಾಗೇ ಆಯಿತು. ತಾಯಿ ಹುಡುಗನನ್ನು ಓರೆಯಕ್ಕನ ಬಳಿ ಬಿಡುವುದನ್ನು ನಿಲ್ಲಿಸಿದಳು. ತಂಗಿಯ ಮನೆಯಲ್ಲಿ ಬಿಟ್ಟು ನೋಡಿದಳು. ತಂಗಿಗೆ ಬೆಳೆದ ಹೆಣ್ಣು ಮಕ್ಕಳಿದ್ದರು, ಮೂರನೆಯ ದಿನ ಕೈಮುಗಿದಳು. ನಮ್ಮ ಕೇಂದ್ರದಲ್ಲಿ ಇಡೀ ದಿನ ಇಟ್ಟುಕೊಳ್ಳುವ ಏರ್ಪಾಡಿಲ್ಲ. ಇನ್ನೆಲ್ಲಾದರೂ ಸಿಗುತ್ತದೆಯೇ ಎಂದು ನಾನು ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ. ಚಿಕ್ಕ ಮಕ್ಕಳಾದರೆ ನೋಡೋಣ ಎಂದರು ಎಲ್ಲರೂ. ಕೊನೆಗೆ ಬೀಗವೇ ಗತಿಯಾಯಿತು. ಹುಡುಗ ಒಳಗಿನಿಂದ ಬಾಗಿಲು ಬಡಿದ, ಕೈ ಕಚ್ಚಿಕೊಂಡ. ಅವನ ಗಂಡುದನಿ ಬೀದಿಗೆಲ್ಲ ಕೇಳಿ ಪಕ್ಕದ ಮನೆಯವರು ಮನೆಯ ಒಡೆಯನಿಗೆ ದೂರು ಕೊಟ್ಟರು. ಓರೆಯಕ್ಕ ಆ ದಿನಗಳಲ್ಲಿ ಬೀಗ ಹಾಕಿದ ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದಳು. ಬಾಗಿಲ ಸಂದಿನಿಂದ ಅವನ ಬೆರಳು ಸಿಗುತ್ತಿತ್ತು. ಹಿಡಿದುಕೊಂಡರೆ ಸುಮ್ಮನಾಗುತ್ತಿದ್ದ. ತಾಯಿ ಬರುವ ಮೊದಲು ಎದ್ದು ಹೋಗುತ್ತಿದ್ದಳು.

ಒಂದು ಬೆಳಿಗ್ಗೆ ತಾಯಿ ಹೊರಡುವುದು ತಡವಾಯಿತೋ, ಓರೆಯಕ್ಕ ಬೇಗ ಬಂದಳೋ, ಇಬ್ಬರೂ ಮೆಟ್ಟಿಲ ಮೇಲೆ ಎದುರಾದರು. ತಾಯಿ ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು, ಒಂದು ಮಾತೂ ಆಡದೆ ಕಾರ್ಖಾನೆಗೆ ಹೋದಳು. "ನಾಲ್ಕು ಬೈದಿದ್ರೆ ಹೊಟ್ಟೆ ತುಂಬಿರೋದು ತಾಯಿ. ಕೀ ಇಟ್ಟ ಸದ್ದಷ್ಟೇ ಕೇಳಿಸ್ತು" ಎಂದು ನನ್ನ ಮುಂದೆ ಹೇಳಿಕೊಂಡಳು ಓರೆಯಕ್ಕ.

ಅದಾಗಿ ಎರಡು ವರ್ಷದ ಮೇಲಾಯಿತು. ಹುಡುಗನ ಮೀಸೆ ದಟ್ಟವಾಗಿದೆ. ಈಚೆಗೆ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಕಲಿತಿದ್ದಾನೆ. ಮೇಲಿನದು ಮಾತ್ರ ತಪ್ಪುತ್ತದೆ. ಅವನು ಮೊದಲ ಸಲ ಹಾಕಿಕೊಂಡ ದಿನ ಸಂಜೆ ತಾಯಿ ಬಂದ ಕೂಡಲೇ ಓರೆಯಕ್ಕ ಬಾಗಿಲಲ್ಲೇ, "ಇವತ್ತು ಗುಂಡಿ ಹಾಕ್ಕೊಂಡ, ನನ್ನ ಮುಂದೆ" ಎಂದಳು. ತಾಯಿ ಬೆನ್ನು ಹಾಕಿ ಚಪ್ಪಲಿ ಬಿಡುತ್ತಿದ್ದಳು. ಒಳಗೆ ಹೋಗದೆ ಅಲ್ಲೇ ನಿಂತು ಕೇಳಿಸಿಕೊಂಡಳು.

ಈಗ ಓರೆಯಕ್ಕ ಬೆಳಿಗ್ಗೆ ಕಿಟಕಿಯ ಕಟ್ಟೆಯಿಂದ ಬೀಗದ ಕೈ ತೆಗೆದುಕೊಂಡು ಆ ಮನೆಗೆ ಹೋಗುತ್ತಾಳೆ. ಸಂಜೆಯ ತನಕ ಹುಡುಗನನ್ನು ನೋಡಿಕೊಳ್ಳುತ್ತಾಳೆ. ತಾಯಿ ಬಂದ ಮೇಲೆ ಹೊಸ್ತಿಲ ಬಳಿ ನಿಂತು, ಅವನು ಆ ದಿನ ಏನೇನು ಮಾಡಿದ, ಏನೇನು ಮಾಡಲಿಲ್ಲ ಎಂಬುದನ್ನೆಲ್ಲ ಹೇಳಿ ತನ್ನ ಕೋಣೆಗೆ ಹೋಗುತ್ತಾಳೆ.